ಗೆದ್ದವನು ಸೋತ, ಸೋತವನು ಸತ್ತ

ಕೋರ್ಟು ಮೆಟ್ಟಿಲು ಹತ್ತಿದರೆ ಗೆದ್ದವನು ಸೋತ, ಸೋತವನು ಸತ್ತ ಅಂತಾರಲ್ಲ, ಆ ಮಾತು ಅಮೆರಿಕಕ್ಕೂ ಚೆನ್ನಾಗಿಯೇ ಒಪ್ಪುತ್ತೆ. ಅಲ್ಲಿನ ಫೆಡರಲ್ ಸಿವಿಲ್ ನಿಯಮಾವಳಿಯಲ್ಲಿ ಅಕ್ಕಪಕ್ಕದಲ್ಲೇ ಕೂತಿರುವ 61 ಮತ್ತು 62ನೇ ನಿಯಮಗಳ ಹಿಂದೆ ಇರೋದು ಇದೇ ಕಥೆ.

ಮೊದಲು 61. ವಿಚಾರಣೆಯಲ್ಲಿ ಸಣ್ಣಪುಟ್ಟ ತಪ್ಪು ನಡೆದರೂ ಅದರಿಂದ ಯಾರ ಮುಖ್ಯ ಹಕ್ಕಿಗೂ ಧಕ್ಕೆಯಾಗದಿದ್ದರೆ ತೀರ್ಪನ್ನು ಕೆಡಿಸಬೇಡಿ ಅನ್ನುತ್ತೆ ಇದು. ಇಷ್ಟು ಸರಳ ವಿಷಯಕ್ಕೆ ನಿಯಮ ಯಾಕೆ ಅಂತೀರಾ? ಇಂಗ್ಲೆಂಡಿನಲ್ಲಿ 1835ರ ಒಂದು ತೀರ್ಪಿನ ನಂತರ, ಸಾಕ್ಷ್ಯದ ವಿಷಯದಲ್ಲಿ ನ್ಯಾಯಾಧೀಶ ಎಡವಿದರೆ ಸಾಕು, ಹೆಚ್ಚುಕಮ್ಮಿ ತಾನಾಗಿಯೇ ಮರುವಿಚಾರಣೆ ಅನ್ನುವ ಪದ್ಧತಿ ಬೇರೂರಿತು. 1870ರ ದಶಕದಲ್ಲಿ ಇಂಗ್ಲೆಂಡು ಅದನ್ನು ಕೈಬಿಟ್ಟಿತು, ಅಮೆರಿಕ ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿತು. 1908ರಲ್ಲಿ ಮಿಸೌರಿಯಲ್ಲಿ ಒಂದು ಅತ್ಯಾಚಾರ ಪ್ರಕರಣದ ಶಿಕ್ಷೆಯೇ ರದ್ದಾಯಿತು. ಕಾರಣ? ಆರೋಪಪಟ್ಟಿಯ ಕೊನೆಯ ಸಾಲಿನಲ್ಲಿ 'ದಿ' ಅನ್ನುವ ಪದ ಬಿಟ್ಟುಹೋಗಿತ್ತು! ನೊಂದವಳ ಪಾಡೇನು ಅಂತ ಯೋಚಿಸಿ...

ಜನ ರೊಚ್ಚಿಗೇಳದೆ ಇರುತ್ತಾರೆಯೇ? 1906ರಲ್ಲೇ ರಾಸ್ಕೋ ಪೌಂಡ್ ಎಂಬ ಕಾನೂನು ಪಂಡಿತರು ವಕೀಲರ ಸಭೆಯಲ್ಲೇ ನಿಂತು ಇಂಥ ಕಸರತ್ತನ್ನು ಟೀಕಿಸಿದ್ದರು. 1919ರಲ್ಲಿ ಅಮೆರಿಕದ ಸಂಸತ್ತು ಕಾನೂನು ತಂದಿತು, 1938ರಲ್ಲಿ ಅದೇ ತತ್ವ 61ನೇ ನಿಯಮವಾಯಿತು. ತಮಾಷೆ ನೋಡಿ, ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 99ನೇ ಕಲಂ ಹೆಚ್ಚುಕಮ್ಮಿ ಇದನ್ನೇ 30 ವರ್ಷ ಮೊದಲೇ ಹೇಳಿತ್ತು :)

ಇನ್ನು 62. ಇದು ತೀರ್ಪಿನ ಅಮಲ್ಜಾರಿಯನ್ನು ತಡೆಹಿಡಿಯುವ ನಿಯಮ. ಸೋತವನಿಗೆ ಉಸಿರಾಡಲು ಮೊದಲು 10 ದಿನ ಇತ್ತು, 2009ರಲ್ಲಿ 14 ಆಯಿತು, 2018ರಲ್ಲಿ 30. ಆಮೇಲೂ ತಡೆ ಬೇಕೆಂದರೆ ಬಾಂಡ್ ಅಥವಾ ಬೇರೆ ಭದ್ರತೆ ಕೊಡಬೇಕು. ಅಪೀಲು ಮುಗಿಯುವಷ್ಟರಲ್ಲಿ ಸೋತವನು ಆಸ್ತಿ ಕರಗಿಸಿ ಕೈಯೆತ್ತಿಬಿಟ್ಟರೆ ಗೆದ್ದವನಿಗೆ ಬರೀ ಕಾಗದ ಉಳಿಯುತ್ತೆ, ಅದಕ್ಕೆ.

ಆದರೆ ಈ ಬಾಂಡೇ ಕುತ್ತಿಗೆಗೆ ಬಂದರೆ? ಗೆಟ್ಟಿ ಆಯಿಲ್ ಖರೀದಿಯ ಜಗಳದಲ್ಲಿ 1985ರ ನವೆಂಬರ್‌ನಲ್ಲಿ ಹ್ಯೂಸ್ಟನ್ನಿನ ಜ್ಯೂರಿ, ಟೆಕ್ಸಾಕೋ ಕಂಪನಿ ಪೆನ್‌ಜಾಯಿಲ್‌ಗೆ 1,053 ಕೋಟಿ ಡಾಲರ್ ಕೊಡಬೇಕು ಅಂದಿತು. ಇದು ರಾಜ್ಯದ ಕೋರ್ಟು, ಹಾಗಾಗಿ ಟೆಕ್ಸಸ್ಸಿನ ನಿಯಮ: ಅಪೀಲಿನ ತನಕ ತಡೆ ಬೇಕಾದರೆ ಪೂರ್ತಿ ಮೊತ್ತಕ್ಕೆ ಬಾಂಡ್. ಅಷ್ಟು ದೊಡ್ಡ ಬಾಂಡ್ ತರುವುದಾದರೂ ಎಲ್ಲಿಂದ? ನ್ಯೂಯಾರ್ಕಿನ ಫೆಡರಲ್ ಕೋರ್ಟು ಕೊಟ್ಟ ರಕ್ಷಣೆಯನ್ನು ಸುಪ್ರೀಂ ಕೋರ್ಟು 1987ರ ಏಪ್ರಿಲ್ 6ರಂದು ತೆಗೆದುಹಾಕಿತು. ಆರೇ ದಿನಕ್ಕೆ ಟೆಕ್ಸಾಕೋ ದಿವಾಳಿ ಅರ್ಜಿ ಹಾಕಿತು. ಕೊನೆಗೆ 300 ಕೋಟಿ ಡಾಲರಿಗೆ ರಾಜಿ! 2003ರಲ್ಲಿ ಟೆಕ್ಸಸ್ ಇಂಥ ಬಾಂಡಿಗೆ 2.5 ಕೋಟಿ ಡಾಲರ್ ಮಿತಿ ಹಾಕಿತು.

ನಮ್ಮಲ್ಲಿ ಸಮಸ್ಯೆ ತಿರುಗುಮುರುಗು. ಆದೇಶ 41, ನಿಯಮ 5ರ ಪ್ರಕಾರ ಬರೀ ಅಪೀಲು ಹಾಕಿದ ಮಾತ್ರಕ್ಕೆ ತಡೆ ಸಿಗೋದಿಲ್ಲ, ಭದ್ರತೆಯನ್ನೂ ಕೊಡಬೇಕು. ಆದರೂ ಡಿಕ್ರಿ ಸಿಕ್ಕ ಮೇಲೆಯೇ ಭಾರತದ ಕಕ್ಷಿದಾರನ ಕಷ್ಟ ಶುರು ಅಂತ ಪ್ರಿವಿ ಕೌನ್ಸಿಲ್ 1872ರಲ್ಲೇ ಗುರುತಿಸಿತ್ತು. ಡಿಕ್ರಿ ಹಿಡಿದುಕೊಂಡು ಅಮಲ್ಜಾರಿಗಾಗಿ ವರ್ಷಗಟ್ಟಲೆ ಅಲೆಯುವವರಿಗೆ ಆ ಮಾತು ಇವತ್ತಿಗೂ ಹಳೆಯದಲ್ಲ.

ತಡೆ ಸುಲಭವಾದರೆ ಗೆದ್ದವನು ಸೋಲುತ್ತಾನೆ, ದುಬಾರಿಯಾದರೆ ಸೋತವನು ಅಪೀಲಿಗೆ ಮುಂಚೆಯೇ ಸಾಯುತ್ತಾನೆ. ನೀವೇ ನ್ಯಾಯಾಧೀಶರಾಗಿದ್ದರೆ ಗೆರೆ ಎಲ್ಲಿ ಎಳೆಯುತ್ತಿದ್ದಿರಿ? ಹೇಳಿ ನೋಡೋಣ.