382 ದಿನ ಊಟ ಬಿಟ್ಟವನ ಕಥೆ: ರೀಲ್ಸ್ ಹೇಳದ ಉಳಿದರ್ಧ



ಈ ಫೋಟೋ ನಿಮ್ಮ ಫೋನಿಗೂ ಬಂದಿರಬಹುದು. ಎಡಗಡೆ ತುಂಬಾ ದಪ್ಪ ಇರುವ ಒಬ್ಬ ಯುವಕ, ಬಲಗಡೆ ಅದೇ ಯುವಕ ಸಣ್ಣಗಾಗಿ ಸೂಟು ಹಾಕಿಕೊಂಡು ನಿಂತಿದ್ದಾನೆ. ಕೆಳಗೆ ಒಂದೇ ಸಾಲು: ಈತ 382 ದಿನ ಏನೂ ತಿನ್ನಲಿಲ್ಲ. ನೋಡಿದ ತಕ್ಷಣ ಏನನ್ನಿಸುತ್ತೆ? ಅವನು ಒಂದು ವರ್ಷ ಇದ್ದ ಅಂದ್ರೆ ನಾನು ಒಂದು ಹದಿನೈದು ದಿನ ಇರೋಕಾಗಲ್ವಾ ಅಂತ ಅಲ್ವಾ?

ಕಥೆ ನಿಜ. ಆದರೆ ಅದು ಅರ್ಧ ಮಾತ್ರ. ಉಳಿದರ್ಧ ಕೇಳಿದ ಮೇಲೆ ನೀವೇ ತೀರ್ಮಾನ ಮಾಡಿ.

ಆತನ ಹೆಸರು ಆಂಗಸ್ ಬಾರ್ಬಿಯೇರಿ. ಊರು ಸ್ಕಾಟ್ಲೆಂಡ್‌ನ ಟೇಪೋರ್ಟ್. ಅಪ್ಪನ ಫಿಶ್ ಅಂಡ್ ಚಿಪ್ಸ್ ಅಂಗಡಿಯಲ್ಲಿ ಕೆಲಸ, ಅಂದ್ರೆ ದಿನವಿಡೀ ಕರಿದ ಮೀನು, ಕರಿದ ಆಲೂಗಡ್ಡೆಯ ನಡುವೆಯೇ ಬದುಕು. 1965ರ ಜೂನ್‌ನಲ್ಲಿ ಪಕ್ಕದ ಡಂಡೀ ನಗರದ ಮೇರಿಫೀಲ್ಡ್ ಆಸ್ಪತ್ರೆಗೆ ದಾಖಲಾದಾಗ ವಯಸ್ಸು 27, ತೂಕ 207 ಕೆ.ಜಿ. ವೈದ್ಯರು ಅಂದುಕೊಂಡಿದ್ದು ಸ್ವಲ್ಪ ದಿನದ ಉಪವಾಸ. ಆದರೆ ತೂಕ ಇಳೀತಾ ಹೋಯ್ತು, ಆತ ನಿಲ್ಲಿಸೋಕೆ ಒಪ್ಪಲಿಲ್ಲ. ವಾರಗಳು ತಿಂಗಳಾದವು, ತಿಂಗಳುಗಳು ವರ್ಷ ದಾಟಿದವು.

ಇದು ಯಾರೋ ಒಬ್ಬ ವೈದ್ಯರ ಹುಚ್ಚು ಪ್ರಯೋಗ ಅಂದುಕೊಳ್ಳಬೇಡಿ. ಆ ಕಾಲಕ್ಕೆ ಇದು ಆಸ್ಪತ್ರೆಗಳಲ್ಲಿ ಗಂಭೀರವಾಗಿ ನಡೆಯುತ್ತಿದ್ದ ಚಿಕಿತ್ಸೆ. 1915ರಲ್ಲೇ ಅಮೆರಿಕದ ವಿಜ್ಞಾನಿ ಓಟೋ ಫೋಲಿನ್ ಮತ್ತು ಸಂಗಡಿಗರು, ಆಗಾಗ ಸಣ್ಣ ಸಣ್ಣ ಉಪವಾಸ ಮಾಡಿಸಿ ಬೊಜ್ಜು ಇಳಿಸಬಹುದು ಅಂತ ಬರೆದಿದ್ದರು. 1959ರಲ್ಲಿ ಅಟ್ಲಾಂಟಾದ ವೈದ್ಯ ವಾಲ್ಟರ್ ಬ್ಲೂಮ್ ಆ ಯೋಚನೆಗೆ ಮತ್ತೆ ಜೀವ ಕೊಟ್ಟರು. 1964ರಲ್ಲಿ ಲಾಸ್ ಏಂಜಲೀಸ್‌ನ ಮಾಜಿ ಸೈನಿಕರ ಆಸ್ಪತ್ರೆಯಿಂದ ಅರ್ನ್‌ಸ್ಟ್ ಡ್ರೆನಿಕ್ ತಂಡ ದೀರ್ಘ ಉಪವಾಸದ ವರದಿ ಪ್ರಕಟಿಸಿತು. ಈ ಡ್ರೆನಿಕ್ ಹೆಸರು ನೆನಪಿಡಿ, ಮತ್ತೆ ಬರುತ್ತೆ.

ಸರಿ, ಊಟವಿಲ್ಲದೆ ಮನುಷ್ಯ ಬದುಕಿದ್ದು ಹೇಗೆ? ಮೊದಲ ಒಂದೆರಡು ದಿನ ಯಕೃತ್ತಿನಲ್ಲಿ ಕೂಡಿಟ್ಟ ಸಕ್ಕರೆ ಖರ್ಚಾಗುತ್ತೆ. ಆಮೇಲೆ ದೇಹ ಕೊಬ್ಬು ಕರಗಿಸೋಕೆ ಶುರು ಮಾಡುತ್ತೆ. ಆಂಗಸ್ ಬಳಿ ಆ ದಾಸ್ತಾನು ಬೇಕಾದಷ್ಟಿತ್ತು. ಆದರೆ ಮೆದುಳಿಗೆ ಸಕ್ಕರೆ ಬೇಕೇ ಬೇಕಲ್ವಾ ಅಂತ ಆಗ ಎಲ್ಲರೂ ನಂಬಿದ್ದರು. ಆತನ ರಕ್ತದ ಸಕ್ಕರೆ ನೋಡಿದ್ರೆ, ಕೊನೆಯ ಎಂಟು ತಿಂಗಳು ಸುಮಾರು 30ರ ಆಸುಪಾಸು. ನಮ್ಮ ನಿಮ್ಮಂಥವರಿಗೆ ಇದ್ದಕ್ಕಿದ್ದಂತೆ ಅಷ್ಟಕ್ಕೆ ಇಳಿದ್ರೆ ಪ್ರಜ್ಞೆ ತಪ್ಪುತ್ತೆ. ಆತ ಓಡಾಡಿಕೊಂಡಿದ್ದ! 1967ರಲ್ಲಿ ಬಾಸ್ಟನ್‌ನ ಆಲಿವರ್ ಓವನ್, ಜಾರ್ಜ್ ಕಾಹಿಲ್ ತಂಡ ಇಂಥ ಒಗಟಿಗೆ ಉತ್ತರ ಕೊಟ್ಟಿತು. ದೀರ್ಘ ಉಪವಾಸದಲ್ಲಿ ಕೊಬ್ಬಿನಿಂದ ಹುಟ್ಟುವ ಕೀಟೋನ್‌ಗಳೇ ಮೆದುಳಿನ ಮುಖ್ಯ ಇಂಧನ ಆಗುತ್ತವೆ.

ಇಲ್ಲಿವರೆಗಿನದು ರೀಲ್ಸ್‌ಗೆ ಇಷ್ಟವಾಗುವ ಭಾಗ. ಈಗ ಉಳಿದರ್ಧ.

ಒಂದನೇದು, ಆತ ಊಟ ಬಿಟ್ಟಿದ್ದ, ಎಲ್ಲವನ್ನೂ ಬಿಟ್ಟಿರಲಿಲ್ಲ. ನೀರು, ಟೀ, ಕಾಫಿ ಜೊತೆಗೆ ವಿಟಮಿನ್ ಮಾತ್ರೆ, ಯೀಸ್ಟ್ ಕೊಡ್ತಿದ್ದರು. ಪೊಟ್ಯಾಶಿಯಂ ಕಡಿಮೆಯಾದಾಗ ಅದಕ್ಕೆ ಮಾತ್ರೆ, ಕೊನೆಕೊನೆಗೆ ಸೋಡಿಯಂ. ಹೆಚ್ಚು ಕಾಲ ಮನೆಯಲ್ಲೇ ಇದ್ದರೂ ಮತ್ತೆ ಮತ್ತೆ ಆಸ್ಪತ್ರೆಗೆ ಬಂದು ರಕ್ತ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಬೇಕಿತ್ತು. 1966ರ ಜುಲೈನಲ್ಲಿ ಆತ ಮತ್ತೆ ಊಟಕ್ಕೆ ಕೂತಾಗ ತಿಂದದ್ದು ಒಂದು ಬೇಯಿಸಿದ ಮೊಟ್ಟೆ, ಬೆಣ್ಣೆ ಸವರಿದ ಒಂದು ಬ್ರೆಡ್ಡು. ತೂಕ 82 ಕೆ.ಜಿ.ಗೆ ಇಳಿದಿತ್ತು.

ಎರಡನೇದು, ಎಲ್ಲರೂ ಆಂಗಸ್ ಆಗಲಿಲ್ಲ. 1969ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ 20 ವರ್ಷದ ಒಬ್ಬ ಯುವತಿಯ ವರದಿ ಬಂತು. ತೂಕ ಇಳಿಸಲು 30 ವಾರ ಉಪವಾಸ ಇದ್ದಳು. ಅದು ಮುಗಿದು, ಮತ್ತೆ ಊಟ ಶುರುವಾದ ಮೇಲೆ ಹೃದಯದ ಬಡಿತ ತಪ್ಪಿ ಸತ್ತುಹೋದಳು. ಪರೀಕ್ಷಿಸಿ ನೋಡಿದರೆ ಹೃದಯದ ಸ್ನಾಯುವಿನ ಎಳೆಗಳೇ ಹಾಳಾಗಿದ್ದವು. ದೇಹ ಕರಗಿಸೋದು ಹೊಟ್ಟೆಯ ಬೊಜ್ಜನ್ನು ಮಾತ್ರ ಅಲ್ಲ, ಸ್ನಾಯುವನ್ನೂ ಕರಗಿಸುತ್ತೆ. ಹೃದಯವೂ ಸ್ನಾಯುವೇ ತಾನೇ?

ಊಟ ಶುರು ಮಾಡುವಾಗಲೂ ಅಪಾಯ ಯಾಕೆ? ಬಹಳ ದಿನ ಖಾಲಿ ಇದ್ದ ದೇಹಕ್ಕೆ ದಿಢೀರ್ ಅಂತ ಅನ್ನ, ಸಕ್ಕರೆ ಬಿದ್ದರೆ ಇನ್ಸುಲಿನ್ ಏರುತ್ತೆ. ಆಗ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಶಿಯಂ, ಮೆಗ್ನೀಸಿಯಂ ಜೀವಕೋಶಗಳ ಒಳಗೆ ನುಗ್ಗುತ್ತವೆ. ರಕ್ತದಲ್ಲಿ ಅವು ಕುಸಿದರೆ ಹೃದಯ ಲಯ ತಪ್ಪಬಹುದು. ಇದಕ್ಕೆ ರೀಫೀಡಿಂಗ್ ಸಿಂಡ್ರೋಮ್ ಅಂತಾರೆ. ಆಂಗಸ್ ಬಗ್ಗೆ ಡಂಡೀ ವೈದ್ಯರು 1973ರಲ್ಲಿ ಪ್ರಕಟಿಸಿದ ಲೇಖನವೇ ಇಂಥ ಚಿಕಿತ್ಸೆ ವೇಳೆ ಆದ ಐದು ಸಾವುಗಳನ್ನು ಹೆಸರಿಸುತ್ತೆ. ಆ ಪುಟವನ್ನು ಯಾರೂ ಶೇರ್ ಮಾಡಲ್ಲ.

ಮೂರನೇದು, ಇಳಿದ ತೂಕ ಇಳಿದೇ ಇತ್ತಾ? ಆಂಗಸ್ ಮಟ್ಟಿಗೆ ಹೌದು, ಐದು ವರ್ಷದ ನಂತರವೂ 89 ಕೆ.ಜಿ. ಆದರೆ ಬೇರೆಯವರದ್ದು? ಇಲ್ಲಿ ಡ್ರೆನಿಕ್ ಮತ್ತೆ ಬರ್ತಾರೆ. ತಾವೇ ಉಪವಾಸ ಮಾಡಿಸಿದ 207 ರೋಗಿಗಳ ಲೆಕ್ಕವನ್ನು 1977ರಲ್ಲಿ ಅವರ ತಂಡ ಮುಂದಿಟ್ಟಿತು. ಸರಾಸರಿ ಎರಡು ತಿಂಗಳ ಉಪವಾಸ, ಸುಮಾರು 28 ಕೆ.ಜಿ. ಇಳಿಕೆ. ಇವರಲ್ಲಿ 121 ಮಂದಿಯನ್ನು ವರ್ಷಗಟ್ಟಲೆ ಗಮನಿಸಿದಾಗ, ಅರ್ಧದಷ್ಟು ಜನ ಎರಡು ಮೂರು ವರ್ಷದಲ್ಲೇ ಹಳೇ ತೂಕಕ್ಕೆ ಮರಳಿದ್ದರು. ಕೊನೆಗೆ ಇಳಿದ ತೂಕದಲ್ಲೇ ಉಳಿದವರು ಏಳು ಜನ. ಏಳೇ ಜನ! ಅಷ್ಟು ಹಸಿವು, ಅಷ್ಟು ಅಪಾಯ, ಕೊನೆಗೆ ಇಷ್ಟು. ಆಸ್ಪತ್ರೆಗಳು ಈ ಚಿಕಿತ್ಸೆಯನ್ನು ಕೈಬಿಟ್ಟಿದ್ದು ಸುಮ್ಮನೆ ಅಲ್ಲ.

ಮನೆಯಲ್ಲಿ ಅಜ್ಜಿ ಮಾಡುವ ಏಕಾದಶಿ ಬಗ್ಗೆ ನಾವಿಲ್ಲಿ ಮಾತಾಡ್ತಿಲ್ಲ. ಅದಕ್ಕೆ ಮಾರನೇ ದಿನ ಪಾರಣೆ ಇದೆ. ನಾವು ಹೇಳ್ತಿರೋದು ವಾರಗಟ್ಟಲೆ, ಒಬ್ಬರೇ ರೂಮಿನಲ್ಲಿ, ವಿಡಿಯೋ ನೋಡಿಕೊಂಡು ಮಾಡುವ ಉಪವಾಸದ ಬಗ್ಗೆ. ಅದರಲ್ಲೂ ಶುಗರ್ ಮಾತ್ರೆ, ಇನ್ಸುಲಿನ್ ತಗೊಳ್ಳೋರು, ಗರ್ಭಿಣಿಯರು, ಊಟದ ವಿಷಯದಲ್ಲಿ ಮೊದಲೇ ಮಾನಸಿಕವಾಗಿ ಒದ್ದಾಡ್ತಿರೋರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಲೇಬೇಡಿ.

ಮುಂದಿನ ಸಲ ಆ ಫೋಟೋ ಬಂದಾಗ ಎಡಕ್ಕೆ, ಬಲಕ್ಕೆ ಮಾತ್ರ ನೋಡಬೇಡಿ. ಆ ಎರಡು ಫೋಟೋಗಳ ನಡುವೆ ಒಂದು ಆಸ್ಪತ್ರೆ ಇತ್ತು. ಆ ಫೋಟೋದಲ್ಲಿ ಜಾಗ ಸಿಗದ 20 ವರ್ಷದ ಒಬ್ಬ ಹುಡುಗಿಯೂ ಇದ್ದಳು. ಈ ಸಂಚಿಕೆಯನ್ನು, ‘ನಾಳೆಯಿಂದ ಬರೀ ನೀರು’ ಅಂತಿರುವ ನಿಮ್ಮ ಸ್ನೇಹಿತರಿಗೆ ಕಳಿಸಿ.