ಬಂದೂಕಾಗಲು ಒಲ್ಲದ ದೈತ್ಯ

ಬಂದೂಕಿಗೂ ಮನಸ್ಸಿದ್ದು, ತಾನು ಕೊಲ್ಲಲಾರೆ ಎಂದರೆ? 1999ರಲ್ಲಿ ತೆರೆಕಂಡ ಅಮೆರಿಕದ ಅನಿಮೇಷನ್ ಚಿತ್ರ ‘ದಿ ಐರನ್ ಜೈಂಟ್’ ರೂಪುಗೊಂಡದ್ದು ಈ ಪ್ರಶ್ನೆಯಿಂದ. ನಿರ್ದೇಶಕ ಬ್ರ್ಯಾಡ್ ಬರ್ಡ್ ಅವರ ಸೋದರಿ ಗುಂಡೇಟಿಗೆ ಬಲಿಯಾಗಿದ್ದರು. ಇಂಗ್ಲಿಷ್ ಕವಿ ಟೆಡ್ ಹ್ಯೂಸ್ ಅವರ 1968ರ ಮಕ್ಕಳ ಕಥೆಯನ್ನು ಬರ್ಡ್, ಸ್ಪುಟ್ನಿಕ್ ಹಾರಿದ 1957ರ ಅಮೆರಿಕಕ್ಕೆ ತಂದರು. ರಷ್ಯದ ಭೀತಿಯಲ್ಲಿದ್ದ ಊರಿಗೆ ಆಕಾಶದಿಂದ ಉಕ್ಕಿನ ದೈತ್ಯನೊಬ್ಬ ಬೀಳುತ್ತಾನೆ. ಸೈನ್ಯಕ್ಕೆ ಅವನು ಶತ್ರು, ಒಂಬತ್ತು ವರ್ಷದ ಹುಡುಗನಿಗೆ ಗೆಳೆಯ. ಮೈಯೆಲ್ಲ ಆಯುಧವಾಗಿದ್ದರೂ ಅವನು ಊರನ್ನು ಉಳಿಸಲು ಮುಂದಾಗುತ್ತಾನೆ.

ವಿಮರ್ಶಕರು ಮೆಚ್ಚಿದರು. ಆದರೆ ಪ್ರಚಾರ ಸಾಲದೆ ಚಿತ್ರ ಸೋತಿತು. ಆಮೇಲೆ ಅದರ ಕೈಹಿಡಿದದ್ದು ವಿಡಿಯೋ ಮತ್ತು ಟಿ.ವಿ. ಮನೆಯಲ್ಲಿ ಕಂಡ ಮಕ್ಕಳು ಅಭಿಮಾನಿಗಳಾಗಿ ಬೆಳೆದರು. 2015ರಲ್ಲಿ ಎರಡು ಹೊಸ ದೃಶ್ಯಗಳೊಡನೆ ಚಿತ್ರ ಮತ್ತೆ ತೆರೆಗೆ ಬಂತು. ಗಲ್ಲಾಪೆಟ್ಟಿಗೆ ಬರೆದ ಹಣೆಬರಹವನ್ನು ಪ್ರೇಕ್ಷಕರೇ ತಿದ್ದಿದ್ದರು.