ಕಸಿಯ ಹೊತ್ತಿನಲ್ಲಿ ಉಸಿರಾಡುವವರು ಯಾರು?

ವಡಪಳನಿ ಎಂದರೆ ಹಳೆಯ ತಲೆಮಾರಿನ ಕನ್ನಡಿಗರಿಗೆ ಸ್ಟುಡಿಯೋಗಳ ನೆನಪು. ವಿಜಯಾ-ವಾಹಿನಿ, ಎವಿಎಂ ಇದ್ದದ್ದು ಇಲ್ಲೇ. ವಿಜಯಾದ ಬಿ. ನಾಗಿರೆಡ್ಡಿ 1972ರಲ್ಲಿ ಇಲ್ಲೇ ಆಸ್ಪತ್ರೆಯನ್ನೂ ಕಟ್ಟಿಸಿದರು. ಈಗ ಚೆನ್ನೈ ಅಂಗಾಂಗ ಕಸಿಗೆ ಹೆಸರಾದ ಊರು. 2020ರ ಆಗಸ್ಟ್‌ನಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಈ ನಗರದಲ್ಲಿ ಆಸ್ಪತ್ರೆ ಸೇರಿದಾಗ ‘ಎಕ್ಮೊ’ ಎಂಬ ಪದ ಕನ್ನಡದ ಮನೆಮನೆಗೂ ಬಂತು. ಶ್ವಾಸಕೋಶ ಕಸಿಯ ಕೊಠಡಿಯಲ್ಲಿ ಆ ಯಂತ್ರಕ್ಕೆ ಇನ್ನೊಂದು ಚರಿತ್ರೆಯಿದೆ.

ಮನುಷ್ಯನಿಗೆ ಮೊದಲ ಶ್ವಾಸಕೋಶ ಕಸಿ ಮಾಡಿದವರು ಅಮೆರಿಕದ ಜೇಮ್ಸ್ ಹಾರ್ಡಿ, 1963ರಲ್ಲಿ. ರೋಗಿ ಬದುಕಿದ್ದು 18 ದಿನ. ಒಂದು ಬದಿಯನ್ನು ಬದಲಿಸುವಾಗ ಇನ್ನೊಂದು ಬದಿ ಉಸಿರಾಡಬೇಕು. ಹೃದಯದ ಬಲಭಾಗ ತನ್ನ ರಕ್ತವನ್ನೆಲ್ಲ ಆ ಒಂದೇ ಶ್ವಾಸಕೋಶಕ್ಕೆ ತಳ್ಳಬೇಕು. ಅದು ತಾಳಿದರೆ ಯಂತ್ರವೇ ಬೇಡ. ತಾಳದಿದ್ದರೆ?

ಆಗ ನೆರವಾಗುತ್ತಿದ್ದದ್ದು 1953ರಲ್ಲಿ ಜಾನ್ ಗಿಬ್ಬನ್ ಯಶಸ್ವಿಯಾಗಿ ಬಳಸಿದ ಹೃದಯ-ಶ್ವಾಸಕೋಶ ಯಂತ್ರ, ಅಂದರೆ ಬೈಪಾಸ್. ಅದು ರಕ್ತವನ್ನು ತೊಟ್ಟಿಗೆ ಇಳಿಸಿ, ಆಮ್ಲಜನಕ ತುಂಬಿ ಮರಳಿಸುತ್ತದೆ. ಟೊರಾಂಟೊದಲ್ಲಿ 1986ರಲ್ಲಿ ಎರಡೂ ಶ್ವಾಸಕೋಶಗಳನ್ನು ಒಟ್ಟಿಗೇ ಕಸಿ ಮಾಡಿದಾಗ ಅದು ಅನಿವಾರ್ಯವಾಗಿತ್ತು. ಒಂದಾದ ಮೇಲೊಂದು ಬದಲಿಸುವ ವಿಧಾನ ಬಂದ ಮೇಲೆ ಅನಿವಾರ್ಯತೆ ತಗ್ಗಿತು. ಬೈಪಾಸ್‌ಗೆ ತೆರುವ ಬೆಲೆಯೂ ಸಣ್ಣದಲ್ಲ: ರಕ್ತ ಹೆಪ್ಪುಗಟ್ಟದಂತೆ ಹೆಚ್ಚು ಹೆಪಾರಿನ್ ಬೇಕು, ರಕ್ತಸ್ರಾವ ಹೆಚ್ಚು, ಗಾಳಿಯ ಮತ್ತು ಕೊಳವೆಯ ಸ್ಪರ್ಶದಿಂದ ಕೆರಳಿದ ರಕ್ತ ಹೊಸ ಶ್ವಾಸಕೋಶವನ್ನೇ ಊದಿಸಬಲ್ಲದು.

ಎಕ್ಮೊದಲ್ಲಿ ತೊಟ್ಟಿಯಿಲ್ಲ, ರಕ್ತ ಮುಚ್ಚಿದ ಕೊಳವೆಯಲ್ಲೇ ಸುತ್ತುತ್ತದೆ. ಹೆಪಾರಿನ್ ಕಡಿಮೆ ಸಾಕು, ಬೇಕಾದರೆ ಶಸ್ತ್ರಚಿಕಿತ್ಸೆಯ ನಂತರವೂ ಮುಂದುವರಿಸಬಹುದು. ಈ ಶತಮಾನದಲ್ಲಿ ವಿಯೆನ್ನಾ, ಹ್ಯಾನೋವರ್, ಟೊರಾಂಟೊ ತಂಡಗಳು ಇದರತ್ತ ವಾಲಿದವು. ಅವರ ಹೋಲಿಕೆಗಳಲ್ಲಿ ಎಕ್ಮೊ ರೋಗಿಗಳ ಫಲಿತಾಂಶ ಒಟ್ಟಾರೆ ಮೇಲಾಗಿತ್ತು.

ಆದರೆ ಇಲ್ಲಿ ತಡೆದು ನೋಡಬೇಕು. ಇಂಥ ಹೋಲಿಕೆಗಳಲ್ಲಿ ಹೆಚ್ಚಿನವು ಹಳೆಯ ದಾಖಲೆಗಳ ಮೇಲೆ ನಿಂತವು. ಯಾವ ರೋಗಿಗೆ ಯಾವ ಯಂತ್ರ ಎಂಬುದು ಚೀಟಿ ಎತ್ತಿ ನಿರ್ಧಾರವಾಗಿರಲಿಲ್ಲ. ಪರಿಸ್ಥಿತಿ ಕೈಮೀರಿದವರೇ ಬೈಪಾಸ್‌ಗೆ ಹೋಗಿದ್ದರೆ, ಕೆಟ್ಟ ಫಲಿತಾಂಶದ ಹೊಣೆ ಯಂತ್ರದ್ದೋ ಕಾಯಿಲೆಯದ್ದೋ? ಹೃದಯದ ದೋಷವನ್ನೂ ಒಟ್ಟಿಗೇ ಸರಿಪಡಿಸಬೇಕಾದಾಗ, ರಕ್ತ ಧಾರಾಕಾರ ಹರಿದಾಗ, ಆ ತೊಟ್ಟಿಯೇ ಜೀವ ಉಳಿಸುತ್ತದೆ. ಹರಿದ ರಕ್ತವನ್ನು ಹೀರಿ ತಕ್ಷಣ ಮರಳಿಸುವ ಅನುಕೂಲ ಎಕ್ಮೊದ ಮುಚ್ಚಿದ ಸುತ್ತಿನಲ್ಲಿಲ್ಲ.

ಹಾಗಾಗಿ ಹಳೆಯ ಯಂತ್ರ ಮೂಲೆ ಸೇರಿಲ್ಲ. ಕಸಿಗೆ ಹೊರಟವರ ಮನೆಯವರು ‘ಯಾವ ಯಂತ್ರ ಒಳ್ಳೆಯದು’ ಎಂದು ಕೇಳುವುದಕ್ಕಿಂತ ‘ನಮ್ಮವರಿಗೆ ಯಾವುದು, ಯಾಕೆ, ನಡುವೆ ಬದಲಿಸಬೇಕಾದರೆ ಏನು ಸಿದ್ಧತೆ’ ಎಂದು ಕೇಳುವುದು ಮೇಲು.